ಶಹಾಬಾದ್ ಕಲ್ಲಿನಿಂದ ಶುರುವಾದ ಹವಳದ ಪಾಠ

ಕಲಬುರಗಿಯ ನಮ್ಮ ಮನೆಯಲ್ಲಿ ಕೂತು, ಸೇಡಂ ಮತ್ತು ಚಿಂಚೋಳಿ ಕಡೆಯ ಹಳ್ಳಿ ಶಾಲೆಗಳಿಗೆ ಆನ್‌ಲೈನ್‌ನಲ್ಲಿ ಹವಳದ ದಿಬ್ಬಗಳ ಪಾಠ ಮಾಡುತ್ತೇನೆ. ಈ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರ ನೋಡಿಲ್ಲ.

ಮೊದಲ ಪಾಠ ಕೈಕೊಟ್ಟಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿದು ನಾನೇ ತೆಗೆದ ವಿಡಿಯೊ ತೋರಿಸಿದೆ. ನಮ್ಮ ರಾಜ್ಯದಲ್ಲೂ ಹವಳ ಇದೆ ಅಂತ ಹೇಳುವ ಆಸೆ. ನೆಟ್ ಸಾಲದೆ ಮೀನುಗಳು ನಿಂತಲ್ಲೇ ನಿಂತವು. ಹವಳ ಅಂದರೆ ಗೊತ್ತಾ ಅಂತ ಕೇಳಿದೆ. ಒಬ್ಬಳು ಎದ್ದು, "ನಮ್ಮವ್ವನ ತಾಳ್ಯಾಗ ಕೆಂಪು ಮಣಿ ಅದಾವಲ್ರಿ ಮೇಡಂ" ಅಂದಳು.

ಅವಳ ಮಾತು ನನಗೆ ದಾರಿ ತೋರಿಸಿತು. ಆ ಮಣಿಯೂ ಪುಟ್ಟ ಪ್ರಾಣಿಗಳು ಕಟ್ಟಿದ್ದೇ. ದಿಬ್ಬ ಕಟ್ಟುವ ಹವಳ ಅದರ ದೂರದ ಬಂಧು. ಅಂದಿನಿಂದ ವಿಡಿಯೊಗಳನ್ನು ಪೆನ್‌ಡ್ರೈವ್‌ನಲ್ಲಿ ಮೊದಲೇ ಶಾಲೆಗೆ ಕಳಿಸುತ್ತೇನೆ. ಪಾಠದ ಹೊತ್ತಿಗೆ ನನ್ನ ದನಿ ಮುಟ್ಟಿದರೆ ಸಾಕು. ಎರಡು ದಿನ ಮುಂಚೆ ಅಲ್ಲಿನ ಶಿಕ್ಷಕರಿಗೆ ಫೋನ್ ಮಾಡಿ, ಶಹಾಬಾದ್ ಕಲ್ಲಿನ ಚೂರು ಮತ್ತು ನಿಂಬೆಹಣ್ಣು ತರಿಸಿಡಿ ಅಂತೀನಿ.

ಆ ಸುಣ್ಣದ ಕಲ್ಲು ನಮ್ಮ ಮನೆ ಮನೆಯ ನೆಲದಲ್ಲಿದೆ. 50 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೂತ ಕೆಸರು ಅದು. ಆಗ ಹವಳವೂ ಇರಲಿಲ್ಲ, ಮೀನೂ ಇರಲಿಲ್ಲ. ಮಕ್ಕಳು ಚೂರನ್ನು ಕುಟ್ಟಿ ಪುಡಿ ಮಾಡಿ ನಿಂಬೆರಸ ಹಿಂಡುತ್ತಾರೆ. ನೊರೆ ಬರುತ್ತದೆ. ಹವಳ ತನ್ನ ಮೈಕೆಳಗೆ ಕಟ್ಟಿಕೊಳ್ಳುವ ಗೂಡೂ ಈ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನದೇ. ಸಮುದ್ರ ನಿಂಬೆರಸದಷ್ಟು ಹುಳಿಯಾಗುವುದಿಲ್ಲ. ಆದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿದಷ್ಟೂ ಹವಳಕ್ಕೆ ಗೂಡು ಕಟ್ಟುವುದು ಕಷ್ಟ.

ಸಮುದ್ರದ ನೀರು ಬಿಸಿಯಾಗುವ ವಿಷಯ ಬಂದಾಗ ಪ್ರತಿ ಶಾಲೆಯಲ್ಲೂ ಒಂದೇ ಪ್ರಶ್ನೆ. "ನಮ್ಮಲ್ಲಿ ಬ್ಯಾಸಗ್ಯಾಗ ನಲವತ್ಮೂರು ಡಿಗ್ರಿ ಇರ್ತದ. ಬರೀ ಒಂದ್ ಡಿಗ್ರಿ ಏರಿದ್ರ ಏನಾಗ್ತದ್ರಿ?" ನಾನು ಜ್ವರದ ಮಾತು ಎತ್ತುತ್ತೇನೆ. ನಮ್ಮ ಮೈ 37ರಿಂದ 39ಕ್ಕೆ ಏರಿದರೆ ಶಾಲೆಗೆ ಬರ್ತೀರಾ? ಹವಳದ ಮೈಯೊಳಗೆ ಪುಟ್ಟ ಪಾಚಿಗಳಿವೆ. ಬಿಸಿಲಿನಿಂದ ಆಹಾರ ಮಾಡಿ ಅದಕ್ಕೆ ಉಣ್ಣಿಸುತ್ತವೆ. ಬಣ್ಣವೂ ಹೆಚ್ಚಾಗಿ ಅವುಗಳದ್ದೇ. ಬೇಸಿಗೆಯ ರೂಢಿಗಿಂತ ಒಂದೇ ಡಿಗ್ರಿ ಜಾಸ್ತಿ ಬಿಸಿ ಕೆಲವು ವಾರ ನಿಂತರೂ ಹವಳ ಅವನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಬದುಕುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. ಈ ವರ್ಷಗಳನ್ನು ಬೋರ್ಡಿನ ಮೇಲೆ ಬರೆಸುತ್ತೇನೆ. ಚೇತರಿಸಿಕೊಳ್ಳಲು ಅದಕ್ಕೆ ಬಿಡುವೇ ಸಿಗುತ್ತಿಲ್ಲ ಅಂತ ಮಕ್ಕಳೇ ಹೇಳುತ್ತಾರೆ.

ಆ ಬಿಸಿ ಎಲ್ಲಿಂದ ಬಂತು ಅಂತ ಹೇಳದೆ ಪಾಠ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಕಲ್ಲಿದ್ದಲು, ಡೀಸೆಲ್ ಉರಿಸಿದಾಗ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಬಿಸಿಯನ್ನು ಹಿಡಿದಿಟ್ಟುಕೊಂಡಿದ್ದರಿಂದ ಬಂತು. ಸಿಮೆಂಟಿಗಾಗಿ ಸುಣ್ಣದ ಕಲ್ಲು ಕಾಯಿಸಿದಾಗಲೂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಇದನ್ನು ಹೇಳಿದ ದಿನ ಸೇಡಂ ಕಡೆಯ ಒಬ್ಬ ಹುಡುಗ ಮೆಲ್ಲಗೆ ಕೇಳಿದ: "ನಮ್ಮಪ್ಪ ಸಿಮೆಂಟ್ ಫ್ಯಾಕ್ಟ್ರ್ಯಾಗ ಅದಾನ. ತಪ್ಪ್ ಮಾಡ್ಲಾಕತ್ತಾನೇನ್ರಿ?"

ನನ್ನ ಗಂಟಲು ಕಟ್ಟಿತು. ಇಲ್ಲಪ್ಪ, ನಾನು ಕೂತಿರುವ ಮನೆಯೂ ಸಿಮೆಂಟಿನದೇ ಅಂದೆ. ಕಲ್ಲಿದ್ದಲು ಉರಿದಾಗ ಉಳಿಯುವ ಹಾರುಬೂದಿಯನ್ನು ಸಿಮೆಂಟಿಗೆ ಬೆರೆಸಿದರೆ ಅಷ್ಟು ಕಲ್ಲು ಸುಡುವುದು ತಪ್ಪುತ್ತದೆ, ಅಂಥ ಸಿಮೆಂಟ್ ಈಗಲೇ ಅಂಗಡಿಯಲ್ಲಿ ಸಿಗುತ್ತದೆ ಅಂತ ವಿವರಿಸಿದೆ. ಮುಂದಿನ ಪಾಠಕ್ಕೆ ಅವನು ಖಾಲಿ ಸಿಮೆಂಟ್ ಚೀಲ ತಂದಿದ್ದ. ಅದರ ಮೇಲಿದ್ದ ಪಿಪಿಸಿ ಅನ್ನುವ ಅಕ್ಷರಗಳನ್ನು ಕ್ಯಾಮೆರಾಕ್ಕೆ ಹಿಡಿದು, "ಇದ್ರಾಗ ಬೂದಿ ಅದ ಮೇಡಂ, ಅಪ್ಪನ್ನ ಕೇಳೀನಿ" ಅಂದ.