ಕೋಡ್ ಮುಟ್ಟದೆ ಪೈಥಾನನ್ನು ವೇಗವಾಗಿ ಓಡಿಸಿದ್ದು: ಕಂಪೈಲರ್ ಬದಲಿಸಿದ ನನ್ನ ಅನುಭವ

"ಕಂಪೈಲರ್ ಬದಲಿಸಿ ಏನು ಕಡಿದು ಕಟ್ಟೆ ಹಾಕ್ತೀಯ, ಗೋ ಭಾಷೆಯಲ್ಲಿ ಬರೆದುಬಿಡು" ಅಂತ ಟೀಮಿನಲ್ಲಿ ಎಲ್ಲರೂ ನಕ್ಕಿದ್ದರು. ರಾತ್ರಿ ಓಡುವ ಪೈಥಾನ್ ರಿಪೋರ್ಟ್ ಜಾಬು ಐದು ಗಂಟೆ ಚಿಲ್ಲರೆಯಿಂದ ಸುಮಾರು ನಾಲ್ಕಕ್ಕೆ ಇಳಿದಿದೆ, ಸ್ಕ್ರಿಪ್ಟಿನ ಒಂದು ಸಾಲೂ ಮುಟ್ಟಿಲ್ಲ. ನಕ್ಕವರೇ ಈಗ ಬಿಲ್ಡ್ ಸ್ಕ್ರಿಪ್ಟ್ ಕೇಳ್ತಿದ್ದಾರೆ.

ಪೈಥಾನ್ ಸ್ಕ್ರಿಪ್ಟ್ ಓಡಿಸುವ ಇಂಟರ್‌ಪ್ರಿಟರ್ ಇರೋದು ಸಿ ಭಾಷೆಯಲ್ಲಿ, ಅದನ್ನು ಮಷೀನ್ ಕೋಡ್ ಮಾಡೋದು ಕಂಪೈಲರ್. ನಮ್ಮದು ಸೋರ್ಸ್‌ನಿಂದ ಕಟ್ಟಿದ ಪೈಥಾನ್ 3.13. ಹಳೇ ಜಿಸಿಸಿ 9 ಕಂಪೈಲರ್, ಬರೀ ಕಾನ್ಫಿಗರ್, ಮೇಕ್. ಆಪ್ಟಿಮೈಸೇಶನ್ ಆನ್ ಮಾಡಿ ಅಂತ ಕಾನ್ಫಿಗರೇ ಕೊನೆಗೆ ಹೇಳುತ್ತೆ, ಓದೋರು ಯಾರು!

ಮೊದಲು ದುಡ್ಡು ಹೋದದ್ದು ಅಳತೆಗೆ. ಅಗ್ಗದ ವರ್ಚುವಲ್ ಮಷೀನಿನಲ್ಲಿ ಅದೇ ಬೈನರಿ ಬೆಳಿಗ್ಗೆ ಒಂದು ಟೈಮು, ಸಂಜೆ ಇನ್ನೊಂದು. ನಾನು ಹುಡುಕ್ತಿದ್ದದ್ದು ಶೇ. 5ರ ವ್ಯತ್ಯಾಸ, ಏರುಪೇರೇ ಶೇ. 8. ಕೊನೆಗೆ ಇಡೀ ಮಷೀನ್ ಬಾಡಿಗೆಗೆ ಹಿಡಿದು, ಟರ್ಬೊ ಆಫ್ ಮಾಡಿ, ಒಂದೇ ಕೋರಿಗೆ ಕಟ್ಟಿಹಾಕಿ ಪೈಥಾನಿನ ವೇಗ ಅಳೆಯುವ ಪೈಪರ್ಫಾರ್ಮೆನ್ಸ್ ಓಡಿಸಿದೆ. ಮೂರ್ನಾಲ್ಕು ಸಾವಿರ ರೂಪಾಯಿ ಕೈಬಿಟ್ಟಿತು.

ಜಿಸಿಸಿ 13ಕ್ಕೆ ಹೋದರೆ ಬಂದದ್ದು ಶೇ. 3–4 ಅಷ್ಟೇ. ಮ್ಯಾನೇಜರ್ ತಲೆ ಎತ್ತಿಯೂ ನೋಡಲಿಲ್ಲ. ಇನ್ನೊಂದು ಕಂಪೈಲರ್ ಕ್ಲ್ಯಾಂಗ್ 18 ಪರವಾಗಿಲ್ಲ ಅನ್ನಿಸಿತು. 19 ಹಾಕಿದೆ ನೋಡಿ, ಹತ್ತಿರಹತ್ತಿರ ಶೇ. 10 ನಿಧಾನ! ಸೋರ್ಸೂ ಅದೇ, ಫ್ಲಾಗೂ ಅದೇ. ಬೈನರಿಯೊಳಗಿನ ಮಷೀನ್ ಕೋಡ್ ತೋರಿಸುವ ಆಬ್ಜ್‌ಡಂಪ್ ಹಾಕಿ, ಆದೇಶಗಳನ್ನು ನಡೆಸುವ ಮುಖ್ಯ ಇವ್ಯಾಲ್ ಫಂಕ್ಷನ್ ಬಿಚ್ಚಿದಾಗ ಗುಟ್ಟು ಸಿಕ್ಕಿತು. 18ರ ಬೈನರಿಯಲ್ಲಿ ಇನ್‌ಡೈರೆಕ್ಟ್ ಜಂಪುಗಳು (ಎಲ್ಲಿಗೆ ಹಾರಬೇಕು ಅಂತ ಓಡುವಾಗಲೇ ತಿಳಿಯುವಂಥವು) ಮುನ್ನೂರರ ಮೇಲೆ, ಆಪ್‌ಕೋಡುಗಳ, ಅಂದರೆ ಪೈಥಾನಿನ ಒಳ ಆದೇಶಗಳ, ಬಾಲದಲ್ಲೆಲ್ಲ ಒಂದೊಂದು. 19ರಲ್ಲಿ ಬೆರಳೆಣಿಕೆಯಷ್ಟು. ಊರಿನ ಬಸ್ಸುಗಳೆಲ್ಲ ಒಂದೇ ಸರ್ಕಲ್ಲಿಗೆ ಬಂದು ತಿರುಗಿದ ಹಾಗೆ, ಈ ಜಂಪುಗಳಾಗಬೇಕಿದ್ದ ಸಿ ಕೋಡಿನ ಕಂಪ್ಯೂಟೆಡ್ ಗೋಟೋಗಳನ್ನೆಲ್ಲ ಅದು ಒಂದೇ ಕಡೆ ಸೇರಿಸಿತ್ತು. ಕ್ಲ್ಯಾಂಗ್‌ನ ತಳಪಾಯವಾದ ಎಲ್‌ಎಲ್‌ವಿಎಂ 19ರಲ್ಲಿ ಟೇಲ್ ಡ್ಯೂಪ್ಲಿಕೇಶನ್‌ಗೆ, ಅಂದರೆ ಬಾಲದ ತುಂಡನ್ನು ಒಂದೊಂದು ಕಡೆಗೂ ನಕಲು ಮಾಡೋದಕ್ಕೆ, ಹಾಕಿದ ಮಿತಿಯ ಫಲ ಇದು. 20ರಲ್ಲಿ ಸರಿಯಾಯಿತು. 2025ರ ಆರಂಭದಲ್ಲಿ ಪೈಥಾನ್ 3.14ರ ಟೇಲ್ ಕಾಲ್ ಇಂಟರ್‌ಪ್ರಿಟರಿಗೆ (ಒಂದೊಂದು ಆಪ್‌ಕೋಡೂ ಒಂದು ಫಂಕ್ಷನ್ ಆಗಿ ಮುಂದಿನದನ್ನು ಕರೆಯುವ ಹೊಸ ವಿನ್ಯಾಸ) ಶೇ. 9–15 ಲಾಭ ಅಂತ ಸುದ್ದಿಯಾಯಿತಲ್ಲ, ಹೋಲಿಸಿದ್ದು ಇದೇ ಕುಂಟುವ ಬಿಲ್ಡಿಗೆ. ಆಮೇಲೆ ಪೈಥಾನ್ ತಂಡದವರೇ ಶೇ. 3–5 ಅಂತ ತಿದ್ದಿದರು.

ಮಧ್ಯೆ ಲುವಾ 5.4 ಅನ್ನೋ ಇನ್ನೊಂದು ಭಾಷೆಯ ಇಂಟರ್‌ಪ್ರಿಟರ್ ಮೇಲೂ ಕೈಯಾಡಿಸಿದೆ. ಕಂಪ್ಯೂಟೆಡ್ ಗೋಟೋ ಇದ್ದರೆ ಜಿಸಿಎಸ್‌ಇ (ಒಂದೇ ಲೆಕ್ಕ ಮತ್ತೆ ಮತ್ತೆ ಮಾಡೋದನ್ನು ತೆಗೆಯುವ ಆಪ್ಟಿಮೈಸೇಶನ್) ಆಫ್ ಮಾಡಿ ನೋಡಿ ಅಂತ ಜಿಸಿಸಿ ಕೈಪಿಡಿಯಲ್ಲೇ ಇದೆ. ಮಾಡಿದೆ. ಶೇ. 1 ಬಂತೋ ಇಲ್ಲವೋ, ಒಂದು ಭಾನುವಾರ ದಂಡ.

ಈಗ ಓಡ್ತಿರೋದು ಕ್ಲ್ಯಾಂಗ್ 20, ಜೊತೆಗೆ ಪಿಜಿಒ (ಮೊದಲು ಓಡಿಸಿ ನೋಡಿ, ಅದರ ಪ್ರಕಾರ ಆಪ್ಟಿಮೈಸ್ ಮಾಡೋದು), ಎಲ್‌ಟಿಒ (ಲಿಂಕ್ ಮಾಡುವಾಗ ಇಡೀ ಪ್ರೋಗ್ರಾಂ ಒಟ್ಟಿಗೆ ಆಪ್ಟಿಮೈಸ್ ಮಾಡೋದು). ದೊಡ್ಡ ಪಾಲು ಬಂದದ್ದು ಪಿಜಿಒಯಿಂದ, ಅದರಲ್ಲೂ ಪೈಥಾನಿನ ಟೆಸ್ಟುಗಳ ಬದಲು ನಮ್ಮ ಜಾಬನ್ನೇ ಪ್ರೊಫೈಲ್ ಟಾಸ್ಕ್ (ಆ ಮೊದಲ ಓಟದ ಕೆಲಸ) ಆಗಿ ಕೊಟ್ಟದ್ದರಿಂದ. ಜಾಬಿನ ಯಾವ ತುಂಡು, ಎಷ್ಟು ಡೇಟಾ ಅನ್ನೋದು ನನ್ನ ಹತ್ತಿರವೇ ಇರಲಿ. ಬಿಲ್ಡ್ ಮುಗಿದ ಕೂಡಲೇ ಜಂಪ್ ಎಣಿಸುವ ಚೆಕ್ ಇಟ್ಟಿದ್ದೇನೆ, ನೂರಕ್ಕಿಂತ ಕಮ್ಮಿ ಬಂದರೆ ಬೆಂಚ್‌ಮಾರ್ಕಿಗೇ ಹೋಗಲ್ಲ, ಅಲ್ಲೇ ಫೇಲ್. ಸರ್ವರ್ ಬಾಡಿಗೆಯಲ್ಲಿ ತಿಂಗಳಿಗೆ ಆರೇಳು ಸಾವಿರ ಉಳೀತಿದೆ. ಗೋ ಅಂದವರ ಪ್ರಾಜೆಕ್ಟ್ ಪ್ಲಾನು ಇನ್ನೂ ಎಕ್ಸೆಲ್‌ನಲ್ಲೇ ಇದೆ.