ವಿದೇಶಿ ಅತಿಥಿ ಕಡಿಮೆಯಾದಾಗ ಹೋಮ್‌ಸ್ಟೇ ಲೆಕ್ಕ ಸರಿಮಾಡುವುದು ಹೇಗೆ

ಉತ್ತರ ಕನ್ನಡ ಕರಾವಳಿಯ ಕುಡ್ಲೆ, ಓಂ ಬೀಚು, ಕಾಸರಕೋಡು, ದೇವಬಾಗದ ಕಡೆ ನಾಲ್ಕಾರು ಕೋಣೆ ಇಟ್ಟುಕೊಂಡು ನಡೆಸುವವರಿಗಾಗಿ ಈ ಬರಹ. ಯುರೋಪಿನಿಂದ ಬಂದು ವಾರಗಟ್ಟಲೆ ಉಳಿಯುತ್ತಿದ್ದವರು ಕಡಿಮೆಯಾಗಿ ಆ ಜಾಗಕ್ಕೆ ಬೆಂಗಳೂರು, ಹುಬ್ಬಳ್ಳಿಯ ವಾರಾಂತ್ಯದ ಗಿರಾಕಿ ಬಂದಾಗ ಅಂಗಳದಲ್ಲಿ ಕಾರು ತುಂಬಿರುತ್ತದೆ, ಮಾರ್ಚ್ ಕೊನೆಗೆ ಬ್ಯಾಂಕಿನ ಪಾಸ್‌ಬುಕ್ ಮಾತ್ರ ಬೇರೆಯೇ ಹೇಳುತ್ತದೆ. ಹೀಗಾಗುವುದು ನಾವು ತಲೆ ಎಣಿಸುವುದರಿಂದ. ಎಣಿಸಬೇಕಾದದ್ದು ರಾತ್ರಿಗಳನ್ನು.

ಥಾಯ್ಲೆಂಡಿನಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆದಿದೆ, ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು. 2013ರಲ್ಲಿ ಆ ದೇಶಕ್ಕೆ ಸುಮಾರು 17.5 ಲಕ್ಷ ರಷ್ಯನ್ನರು ಹೋಗಿದ್ದರು. 2014ರ ಆರಂಭದಲ್ಲಿ ಡಾಲರಿಗೆ 33ರ ಆಸುಪಾಸು ಇದ್ದ ರೂಬಲ್ ಡಿಸೆಂಬರಿನಲ್ಲಿ 60 ದಾಟಿತು, ರಷ್ಯಾದ ಹಲವು ಪ್ರವಾಸಿ ಕಂಪನಿಗಳು ಅದೇ ವರ್ಷ ಮುಳುಗಿದವು. 2015ರಲ್ಲಿ ಬಂದ ರಷ್ಯನ್ನರು ಸುಮಾರು 8.8 ಲಕ್ಷ, ಅಂದರೆ ಅರ್ಧ. ಆದರೆ ಅದೇ 2015ರಲ್ಲಿ ದೇಶದ ಒಟ್ಟು ವಿದೇಶಿ ಪ್ರವಾಸಿಗರ ಸಂಖ್ಯೆ 2.65 ಕೋಟಿಯಿಂದ (2013) 2.99 ಕೋಟಿಗೆ ಏರಿತ್ತು, ಏಕೆಂದರೆ ಚೀನಾದಿಂದ 79 ಲಕ್ಷ ಜನ ಬಂದರು. ಸರ್ಕಾರದ ಪಟ್ಟಿಯಲ್ಲಿ ಅದು ದಾಖಲೆಯ ವರ್ಷ. ಪಟ್ಟಾಯ, ಫುಕೆಟ್‌ನಲ್ಲಿ ರಷ್ಯನ್ ಅಕ್ಷರದ ಬೋರ್ಡು ಬರೆಸಿಕೊಂಡಿದ್ದ ಅಂಗಡಿಯವರಿಗೆ ಅದು ನಷ್ಟದ ವರ್ಷ. ಹೊಸಬರು ಬಸ್ಸಿನಲ್ಲಿ ಗುಂಪಾಗಿ ಬಂದರು, ಕೆಲವೇ ದಿನ ಇದ್ದರು, ಬೇರೆ ಹೋಟೆಲಿನಲ್ಲಿ ತಂಗಿದರು, ಬೇರೆ ಕಡೆ ಉಂಡರು. ಯುರೋಪಿನವರು ಒಮ್ಮೆ ಬಂದರೆ ಎರಡು ವಾರಕ್ಕೂ ಹೆಚ್ಚು ಇರುವವರು. ಒಬ್ಬ ಹೋಗಿ ಒಬ್ಬ ಬಂದರೆ ತಲೆ ಸರಿದೂಗುತ್ತದೆ, ರಾತ್ರಿ ಸರಿದೂಗುವುದಿಲ್ಲ.

ಮೊದಲು ಮಾಡಬೇಕಾದ್ದು: ಕಳೆದ ಎರಡು ಸೀಸನ್ನಿನ ರಿಜಿಸ್ಟರ್ ತೆಗೆಯಿರಿ. ಪ್ರತಿ ಬುಕಿಂಗಿಗೂ ಐದು ಅಂಕಿ ಸಾಕು: ಎಷ್ಟು ರಾತ್ರಿ, ವಾರದ ಯಾವ ದಿನದಿಂದ ಯಾವ ದಿನಕ್ಕೆ, ರಾತ್ರಿಗೆ ಕೈಗೆ ಬಂದ ದರ, ಯಾರ ಮೂಲಕ ಬಂದರು, ಊಟ-ತಿಂಡಿಗೆ ಎಷ್ಟು ಕೊಟ್ಟರು. ದೇಶದ ಹೆಸರನ್ನು ಕೊನೆಯಲ್ಲಿ ಬರೆಯಿರಿ, ಅದು ಅಷ್ಟು ಮುಖ್ಯವಲ್ಲ.

ಈಗ ಆರು ಕೋಣೆಯ ಒಂದು ಮನೆಯ ಉದಾಹರಣೆ. ದರಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮವನ್ನು ಹಾಕಿಕೊಳ್ಳಿ. ನವೆಂಬರ್ 1ರಿಂದ ಮಾರ್ಚ್ 31ಕ್ಕೆ 151 ದಿನ, ಆರು ಕೋಣೆಗೆ 906 ಕೋಣೆ-ರಾತ್ರಿ. ಹಳೆಯ ಕಾಲದ ಲೆಕ್ಕ: ನೂರಕ್ಕೆ 70 ಭರ್ತಿ, ಅಂದರೆ 634 ರಾತ್ರಿ, 1,200 ರೂಪಾಯಿಯಂತೆ 7,60,800. ಒಂದು ಜೋಡಿ 14 ರಾತ್ರಿ ಇದ್ದರೆ ಸೀಸನ್ನಿಗೆ 45 ಜೋಡಿ. ವಾರಕ್ಕೊಮ್ಮೆ ಹಾಸಿಗೆ ಬದಲಿಸಿದರೆ 90 ಸಲ, ಒಂದು ಸಲದ ತೊಳೆತ ಮತ್ತು ಕ್ಲೀನಿಂಗ್ 270 ಎಂದು ಹಿಡಿದರೆ 24,300. ಹೆಚ್ಚಿನವರು ಹಳೆಯ ಪರಿಚಯದಿಂದಲೋ ನೇರವಾಗಿಯೋ ಬಂದವರಾದ್ದರಿಂದ ಕಮಿಷನ್ ಇಲ್ಲ. ಉಳಿದದ್ದು 7,36,500.

ವಾರಾಂತ್ಯದ ಲೆಕ್ಕ: 151 ದಿನದಲ್ಲಿ ಶುಕ್ರವಾರ-ಶನಿವಾರದ ರಾತ್ರಿ 43. ಆರೂ ಕೋಣೆ ಒಂದೂ ಖಾಲಿ ಬೀಳದೆ ತುಂಬಿದವು ಎಂದುಕೊಳ್ಳಿ: 258 ಕೋಣೆ-ರಾತ್ರಿ, ದರ ದುಪ್ಪಟ್ಟಿಗೂ ಮೇಲೆ, 2,500. ಬಂದದ್ದು 6,45,000. ಎರಡು ರಾತ್ರಿಗೆ ಒಂದು ಗಿರಾಕಿ ಎಂದರೆ 129 ಸಲ ಹಾಸಿಗೆ ಬದಲು, 34,830. ಬುಕಿಂಗ್ ಆ್ಯಪಿಗೆ ನೂರಕ್ಕೆ 15 ಕೊಟ್ಟರೆ 96,750. ಉಳಿದದ್ದು 5,13,420. ದರ ದುಪ್ಪಟ್ಟಾದರೂ 2,23,080 ರೂಪಾಯಿ ಕಡಿಮೆ. ಬೆಳಗಿನ ತಿಂಡಿ, ಸಂಜೆಯ ಚಹಾದ ವ್ಯಾಪಾರ ಇದರ ಹೊರಗೆ, ಅದೂ ರಾತ್ರಿಗಳ ಜೊತೆಗೇ ಇಳಿಯುತ್ತದೆ.

ಇನ್ನೊಂದು ಕಡೆ ವರ್ಷದ ಸ್ಥಿರ ಖರ್ಚು ಬರೆಯಿರಿ: ಬಾಡಿಗೆ ಅಥವಾ ಸಾಲದ ಕಂತು, ಕೆಲಸದವರ ಸಂಬಳ, ಹೆಸ್ಕಾಂನ ಕನಿಷ್ಠ ಕರೆಂಟು ಬಿಲ್ಲು, ಇಂಟರ್ನೆಟ್, ಪಂಚಾಯತಿ ತೆರಿಗೆ, ಮಳೆಗಾಲದ ನಂತರದ ಬಣ್ಣ-ರಿಪೇರಿ. ತಿಂಗಳಿಗೆ 45,000ದಂತೆ ವರ್ಷಕ್ಕೆ 5,40,000 ಎನ್ನಿ. ಮೊದಲ ಲೆಕ್ಕದಲ್ಲಿ ಐದೇ ತಿಂಗಳಲ್ಲಿ ಇಡೀ ವರ್ಷದ ಖರ್ಚು ಕಳೆದು ಎರಡು ಲಕ್ಷದ ಹತ್ತಿರ ಮಿಗುತ್ತದೆ. ಎರಡನೆಯದರಲ್ಲಿ 26 ಸಾವಿರ ಕಡಿಮೆ ಬೀಳುತ್ತದೆ. ಅಕ್ಟೋಬರ್ ಮತ್ತು ಏಪ್ರಿಲ್-ಮೇ ರಜೆಯ ಆದಾಯ ಇದರಲ್ಲಿ ಸೇರಿಲ್ಲ, ಅದನ್ನು ಬೇರೆಯಾಗಿ ಬರೆದಿಡಿ. ಇಲ್ಲವಾದರೆ ಮೇ ತಿಂಗಳ ಗದ್ದಲ ನೋಡಿ ವರ್ಷ ಚೆನ್ನಾಗಿತ್ತು ಅನ್ನಿಸಿಬಿಡುತ್ತದೆ.

ಈಗ ಗುರಿ ಸ್ಪಷ್ಟ. ಕಡಿಮೆಬಿದ್ದ 2,23,080 ಅನ್ನು ಭಾನುವಾರದಿಂದ ಗುರುವಾರದ ರಾತ್ರಿಗಳಲ್ಲಿ ತುಂಬಬೇಕು. ಅಂಥ ರಾತ್ರಿ 108 ಇವೆ. ಎಲ್ಲ ಖರ್ಚು ಕಳೆದು ರಾತ್ರಿಗೆ 1,000 ಉಳಿದರೆ 223 ಕೋಣೆ-ರಾತ್ರಿ, ದಿನಕ್ಕೆ ಸುಮಾರು ಎರಡು ಕೋಣೆ. ಆರರಲ್ಲಿ ಎರಡು ಕೋಣೆ ವಾರದ ನಡುವೆ ತುಂಬಿದರೆ ಮನೆ ನಿಂತಿತು. ವಾರಾಂತ್ಯದ ದರವನ್ನು ಇನ್ನೂ 500 ಏರಿಸುವುದಕ್ಕಿಂತ ಇದು ಸುಲಭ, ಏರಿಸಿದರೆ ಪಕ್ಕದ ಮನೆಗೆ ಹೋಗುತ್ತಾರೆ.

ವಾರದ ನಡುವೆ ಯಾರು ಬರುತ್ತಾರೆ?

ಗೋಕರ್ಣದವರಿಗೆ ಉತ್ತರ ದೇವಸ್ಥಾನದ ಬೀದಿಯಲ್ಲೇ ಇದೆ. ಪಿತೃಕಾರ್ಯಕ್ಕೆ ಬರುವ ಕುಟುಂಬಗಳು ತಿಥಿ ನೋಡಿ ಬರುತ್ತವೆ, ವಾರ ನೋಡಿ ಅಲ್ಲ. ಅಮಾವಾಸ್ಯೆ ಮಂಗಳವಾರ ಬಿದ್ದರೆ ಸೋಮವಾರವೇ ಕೋಣೆ ಬೇಕು. ಪಂಚಾಂಗ ತೆಗೆದು ಮುಂದಿನ ಆರು ತಿಂಗಳ ಅಮಾವಾಸ್ಯೆ, ಮಹಾಲಯ ಪಕ್ಷದ ದಿನಗಳನ್ನು ಬುಕಿಂಗ್ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪರಿಚಯದ ಭಟ್ಟರಿಗೆ ಕೋಣೆಯ ಫೋಟೊ ಮತ್ತು ದರ ಕಳಿಸಿ. ಇವರಿಗೆ ಬೇಕಾದ್ದು ಸಮುದ್ರದ ನೋಟವಲ್ಲ. ಬೆಳಗ್ಗೆ 5ಕ್ಕೆ ಬಿಸಿನೀರು ಬೇಕು (ನಾಲ್ಕು ಜನರ ಕೋಣೆಗೆ 15 ಲೀಟರಿನ ಗೀಸರ್ ಸಾಲದು, 25 ಲೀಟರಿನದು ಇಡಿ), ಒದ್ದೆ ಪಂಚೆ ಒಣಗಿಸಲು ಹಗ್ಗ, ವಯಸ್ಸಾದವರಿಗೆ ನೆಲಮಹಡಿ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆಗೆ ಬೇರೆ ಪಾತ್ರೆ. ಮೀನು ಹುರಿದ ಬಾಣಲೆಯಲ್ಲಿ ಅವರಿಗೆ ದೋಸೆ ಎರೆದರೆ ಆ ಕುಟುಂಬ ಮತ್ತೆಂದೂ ಬರುವುದಿಲ್ಲ, ಅವರನ್ನು ಕಳಿಸಿದ ಭಟ್ಟರೂ ಇನ್ನೊಬ್ಬರನ್ನು ಕಳಿಸುವುದಿಲ್ಲ.

ಕಾರವಾರದ ಕಡೆ ಲೆಕ್ಕ ಬೇರೆ. ಕೈಗಾ ಅಣುಸ್ಥಾವರ ಮತ್ತು ನೌಕಾನೆಲೆಯ ಕಾಮಗಾರಿಗೆ ಬರುವ ಎಂಜಿನಿಯರುಗಳು ತಿಂಗಳಗಟ್ಟಲೆ ಇರುತ್ತಾರೆ. ತಿಂಗಳ ದರ, ರಸೀದಿ, ಇಸ್ತ್ರಿ, ರಾತ್ರಿ 9ರ ಮೇಲೂ ಸಿಗುವ ಊಟ ಇಷ್ಟಿದ್ದರೆ ಸಾಕು. ಎರಡು ಕೋಣೆಯನ್ನು ಇವರಿಗೆಂದೇ ಬಿಟ್ಟರೆ ವಾರದ ನಡುವಿನ ಗುರಿ ಅಲ್ಲಿಗೇ ಮುಗಿಯಿತು. ಆದರೆ ಆರರಲ್ಲಿ ನಾಲ್ಕನ್ನು ಬಿಟ್ಟುಕೊಟ್ಟರೆ ಡಿಸೆಂಬರಿನ ಕೊನೆಯ ಹತ್ತು ದಿನದ ದರ ಕೈತಪ್ಪುತ್ತದೆ.

ಮೂರನೆಯವರು ಲ್ಯಾಪ್‌ಟಾಪ್ ಹಿಡಿದು ಬರುವವರು. ಇವರಿಗೆ ಭಾನುವಾರ ಮಧ್ಯಾಹ್ನ 2ರಿಂದ ಶುಕ್ರವಾರ ಬೆಳಗ್ಗೆ 11ರವರೆಗೆ, ಐದು ರಾತ್ರಿ ಒಟ್ಟಿಗೆ, ರಾತ್ರಿಗೆ 1,100ರಂತೆ ಮಾರಿ. ಏಳು ರಾತ್ರಿ ಎಂದು ಮಾರಿದರೆ ವಾರಾಂತ್ಯದ 2,500ರ ಎರಡು ರಾತ್ರಿಯನ್ನು ನೀವೇ 1,100ಕ್ಕೆ ಬಿಟ್ಟುಕೊಟ್ಟಂತೆ, ಬಹಳಷ್ಟು ಜನ ಮಾಡುವ ತಪ್ಪು ಇದು. 75 ಸೆಂ.ಮೀ. ಎತ್ತರದ ಮೇಜು, ಬೆನ್ನಿರುವ ಕುರ್ಚಿ ಇರಲಿ, ಪ್ಲಾಸ್ಟಿಕ್ ಸ್ಟೂಲು ಬೇಡ. 12 ವೋಲ್ಟಿನ 150 ಎಎಚ್ ಬ್ಯಾಟರಿಯ ಇನ್ವರ್ಟರಿನಲ್ಲಿ ನಾಲ್ಕು ಲ್ಯಾಪ್‌ಟಾಪ್, ರೂಟರ್ ಮಾತ್ರ ಓಡಿಸಿದರೆ ನಾಲ್ಕು ತಾಸಿನ ಮೇಲೆ ಬರುತ್ತದೆ, ನಾಲ್ಕು ಹಳೆಯ ಫ್ಯಾನೂ ಸೇರಿದರೆ ಎರಡೇ ತಾಸು. ಸಮುದ್ರದ ಉಪ್ಪುಗಾಳಿಗೆ ಬ್ಯಾಟರಿಯ ಟರ್ಮಿನಲ್ ಬೇಗ ಹಸಿರುಗಟ್ಟುತ್ತದೆ. ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ತಿಂಗಳಿಗೊಮ್ಮೆ ನೋಡಿ. ಮೀಟಿಂಗ್ ನಡುವೆ ನೆಟ್ ಹೋದ ಗಿರಾಕಿ ಬರೆಯುವ ಒಂದು ರಿವ್ಯೂ ಹತ್ತು ಬುಕಿಂಗ್ ತಿನ್ನುತ್ತದೆ.

ದೂರದ ಲೆಕ್ಕವನ್ನೂ ಹಾಕಿ. 2020ರ ಜುಲೈಯಲ್ಲಿ ಥಾಯ್ ಸರ್ಕಾರ ತನ್ನ ಜನರೇ ಒಳನಾಡಿನಲ್ಲಿ ತಿರುಗಲಿ ಎಂದು ಕೋಣೆ ದರದ ನೂರಕ್ಕೆ 40ನ್ನು, ರಾತ್ರಿಗೆ 3,000 ಬಾತ್ ಮಿತಿಯಲ್ಲಿ, ತಾನೇ ಕೊಟ್ಟಿತು. ಬ್ಯಾಂಕಾಕಿನಿಂದ ಕಾರಿನಲ್ಲಿ ಹೋಗಿಬರಬಹುದಾದ ಪಟ್ಟಾಯ, ಹುವಾ ಹಿನ್ ವಾರಾಂತ್ಯಕ್ಕೆ ತುಂಬಿದವು. ವಿಮಾನ ಹತ್ತಬೇಕಾದ ಫುಕೆಟ್ ಖಾಲಿಯೇ ಉಳಿಯಿತು. ನಮಗೆ ಬೆಂಗಳೂರು ಒಂದು ರಾತ್ರಿಯ ಬಸ್ಸು. ಹುಬ್ಬಳ್ಳಿ ಕಾರವಾರಕ್ಕೆ ಸುಮಾರು 160 ಕಿ.ಮೀ., ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಇಲ್ಲಿ. ಜಾಹೀರಾತಿಗೆ ಇಟ್ಟ ದುಡ್ಡೆಲ್ಲ ಬೆಂಗಳೂರಿಗೇ ಹೋಗುತ್ತಿದ್ದರೆ ಅರ್ಧವನ್ನು ಹುಬ್ಬಳ್ಳಿ-ಧಾರವಾಡ, ಬೆಳಗಾವಿಗೆ ತಿರುಗಿಸಿ. ಬೆಂಗಳೂರಿನ ಹುಡುಗರಿಗೆ ಈಗ ಬೇರೆ ದಾರಿಯೂ ಇದೆ: 2023ರ ನವೆಂಬರಿನಿಂದ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬಿಟ್ಟುಕೊಟ್ಟಿತು, 2024ರಲ್ಲಿ ಅಲ್ಲಿಗೆ ಹೋದ ಭಾರತೀಯರು 21 ಲಕ್ಷ ಮುಟ್ಟಿದರು. ಚೀನಾದವರು ಬಿಟ್ಟ ಜಾಗದಲ್ಲಿ ಸ್ವಲ್ಪವನ್ನು ಥಾಯ್ಲೆಂಡಿನವರು ತುಂಬಿಕೊಳ್ಳುತ್ತಿರುವುದು ನಮ್ಮ ಗಿರಾಕಿಯಿಂದ.

ಗಿರಾಕಿ ಬದಲಾದಾಗ ಮನೆಯಲ್ಲಿ ಮೊದಲು ಕೈಕೊಡುವುದು ನೀರು. ಜೋಡಿ ಇದ್ದ ಕೋಣೆಯಲ್ಲಿ ಈಗ ನಾಲ್ಕು ಜನ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೆ ಆರು ಕೋಣೆಗೆ 1,620 ಇದ್ದದ್ದು 3,240ಕ್ಕೆ ಏರುತ್ತದೆ, ಅದೂ ಎಲ್ಲರೂ ಸಮುದ್ರದಿಂದ ಮರಳಿನ ಮೈಯಲ್ಲಿ ಬಂದು ಸಂಜೆ 6ಕ್ಕೆ ಒಟ್ಟಿಗೇ ಸ್ನಾನಕ್ಕೆ ಇಳಿಯುತ್ತಾರೆ. 2,000 ಲೀಟರಿನ ಟ್ಯಾಂಕು ಅಲ್ಲೇ ಬರಿದು. 5,000ದ್ದು ಇರಲಿ. ಹೊರಗೊಂದು ಕಾಲು ತೊಳೆಯುವ ನಲ್ಲಿ ಹಾಕಿದರೆ ಬಚ್ಚಲಿನ ಪೈಪಿಗೆ ಮರಳು ಕಟ್ಟುವುದಿಲ್ಲ. ನೀರು ಸಾಲದೆಂದು ಬಾವಿಯಿಂದ ಒಂದೇ ಸಮನೆ ಪಂಪು ಹೊಡೆದರೆ ಏಪ್ರಿಲ್ ಹೊತ್ತಿಗೆ ಉಪ್ಪುನೀರು ಒಳಗೆ ಬರುತ್ತದೆ. ಎರಡು ತಾಸು ಓಡಿಸಿ, ನಾಲ್ಕು ತಾಸು ಬಿಡಿ. ಶೌಚದ ಗುಂಡಿಯೂ ಇದೇ ಲೆಕ್ಕದಲ್ಲಿ ಬೇಗ ತುಂಬುತ್ತದೆ, ಸೀಸನ್ನಿನ ಮೊದಲೇ ತೆಗೆಸಿ.

ಎಸಿ ಹಾಕಿಸುವ ಮೊದಲು ಗುಣಾಕಾರ ಮಾಡಿ: ಒಂದೂವರೆ ಟನ್ನಿನದು ರಾತ್ರಿ ಹತ್ತು ತಾಸಿಗೆ ಹತ್ತು-ಹನ್ನೆರಡು ಯೂನಿಟ್ ಎಳೆಯುತ್ತದೆ. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ಕೋಣೆ ದರಕ್ಕೆ ಸೇರಿಸಿ. ಎರಡು ಕೋಣೆಗೆ ಸಾಕು.

ಅಡುಗೆಮನೆಯಲ್ಲಿ ಚೀಸು, ಮ್ಯೂಸ್ಲಿ, ಆಲಿವ್ ಎಣ್ಣೆಯ ದಾಸ್ತಾನು ಕರಗಿಸಿ, ಮತ್ತೆ ತರಿಸಬೇಡಿ. ನಲವತ್ತು ಪದಾರ್ಥದ ಮೆನು ಬೇಡ. ತೆಳ್ಳೇವು (ತೆಳುದೋಸೆ), ಕಾಯಿಚಟ್ನಿ, ಒಂದು ತಂಬುಳಿ, ಕೋಕಂ ಪಾನಕ, ಅಂದು ಸಿಕ್ಕ ಮೀನು. ಮೀನಿನ ದರ ಮೆನುವಿನಲ್ಲಿ ಅಚ್ಚು ಹಾಕಿಸಬಾರದು, ಹಲಗೆಯ ಮೇಲೆ ದಿನಾ ಬರೆಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಬಂಗುಡೆಯೂ ದುಬಾರಿ. ಕೇರಿಯ ಮೀನಿನವಳು, ಬಟ್ಟೆ ತೊಳೆಯುವವರು, ಗೋಕರ್ಣ ರೋಡ್ ಸ್ಟೇಶನ್ನಿನ ರಿಕ್ಷಾದವರು ಇವರಿಗೆಲ್ಲ ವಾರಗಟ್ಟಲೆ ಇದ್ದ ಅತಿಥಿಯಿಂದ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಿತ್ತು. ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುವವರಿಂದ ರಿಕ್ಷಾಕ್ಕೆ ಏನೂ ಹೋಗುವುದಿಲ್ಲ. ಹಾಗಾಗಿ ಯಾಣ, ಮಿರ್ಜಾನ್ ಕೋಟೆ, ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡಿಗೆಗೆ ಊರಿನ ಗಾಡಿಯ ದರ ಬರೆದು ಕೋಣೆಯಲ್ಲೇ ಇಡಿ. ಘಟ್ಟದ ರಸ್ತೆಯಲ್ಲಿ ಎಂಟು ತಾಸು ಕಾರು ಓಡಿಸಿ ದಣಿದವರು ಖಂಡಿತ ಕೇಳುತ್ತಾರೆ.

ಮುಂಗಡ ಹಣದ ನಿಯಮ ಬರೆದಿಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾದಾಗ ಎರಡೂ ಕಡೆಯ ಬುಕಿಂಗ್ ರದ್ದಾದವು. ರಸ್ತೆ ಬಂದಾದರೆ ಹಣ ವಾಪಸು ಅಥವಾ ಆರು ತಿಂಗಳೊಳಗೆ ಬೇರೆ ದಿನ, ಮನಸ್ಸು ಬದಲಾಯಿಸಿದರೆ ಮುಂಗಡದ ಅರ್ಧ ಎಂದು ಮೊದಲೇ ತಿಳಿಸಿದ್ದರೆ ಜಗಳವಿಲ್ಲ.

ಇಷ್ಟಾದ ಮೇಲೂ ವಿದೇಶಿಯರನ್ನು ಕೈಬಿಡಬೇಡಿ. ಹಳೆಯ ಅತಿಥಿಗಳಿಗೆ ಆಗಸ್ಟಿನಲ್ಲೇ ಸಂದೇಶ ಹೋಗಬೇಕು: ಕೋಣೆಯ ಈಗಿನ ಫೋಟೊ, ರೂಪಾಯಿಯಲ್ಲಿ ದರ, ಮಳೆ ಯಾವಾಗ ಬಿಡುತ್ತದೆ, ಸ್ಟೇಶನ್ನಿನಿಂದ ಬರುವ ಬಗೆ. ನವೆಂಬರಿನಲ್ಲಿ ಕಳಿಸಿದರೆ ತಡವಾಯಿತು. ಗೋವಾಕ್ಕೆ ಯಾವ ವಿಮಾನ ಬರುತ್ತದೆ ಎಂದು ಸೆಪ್ಟೆಂಬರಿನಲ್ಲಿ ನೋಡಿಕೊಳ್ಳಿ, ವಿಮಾನಗಳ ಚಳಿಗಾಲದ ವೇಳಾಪಟ್ಟಿ ಅಕ್ಟೋಬರಿನ ಕೊನೆಯ ಭಾನುವಾರದಿಂದ ಶುರು. 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಮುಚ್ಚಿದಾಗ ಗೋವಾದ ಚಾರ್ಟರ್ ವಿಮಾನಗಳು ಸೀಸನ್ನಿನ ಹೊಸ್ತಿಲಲ್ಲೇ ನಿಂತವು, ಅಲ್ಲಿಂದ ದಕ್ಷಿಣಕ್ಕೆ ಇಳಿದು ಬರುವವರ ದಾರಿಯೂ ಅಷ್ಟೇ ಕಿರಿದಾಯಿತು. ರಷ್ಯಾದವರು ಬಂದರೆ ಹಣ ಹೇಗೆ ಕೊಡುತ್ತೀರಿ ಎಂದು ಬರುವ ಮೊದಲೇ ಕೇಳಿ, 2022ರ ಮಾರ್ಚಿನಿಂದ ಅವರ ದೇಶದ ಬ್ಯಾಂಕುಗಳು ಕೊಟ್ಟ ವೀಸಾ ಕಾರ್ಡು, ಮಾಸ್ಟರ್‌ಕಾರ್ಡುಗಳು ಹೊರಗೆ ನಡೆಯುವುದಿಲ್ಲ. ಬಂದ ವಿದೇಶಿ ಅತಿಥಿಯ ವಿವರವನ್ನು 24 ತಾಸಿನೊಳಗೆ ಆನ್‌ಲೈನಿನಲ್ಲಿ ಸಲ್ಲಿಸಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ಇಟ್ಟುಕೊಳ್ಳಿ.

ಸಾಲ ಮಾಡಿ ಹೊಸ ಕೋಣೆ ಕಟ್ಟಿಸುವ ಯೋಚನೆ ಇದ್ದರೆ, ವಾರದ ನಡುವಿನ ಎರಡು ಕೋಣೆ ಪೂರ್ತಿ ಒಂದು ಸೀಸನ್ ತುಂಬುವವರೆಗೆ ತಡೆಯಿರಿ. ವಾರಾಂತ್ಯದ ನೂಕುನುಗ್ಗಲು ನೋಡಿ ಕಟ್ಟಿಸಿದ ಏಳನೆಯ ಕೋಣೆ ವಾರಕ್ಕೆ ಐದು ದಿನ ಬೀಗ ಹಾಕಿಕೊಂಡೇ ಕಂತು ಕೇಳುತ್ತದೆ. ಕಡಲ ದಂಡೆಯಲ್ಲಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಇಡಬೇಡಿ. ರಿಜಿಸ್ಟರಿನ ಐದು ಅಂಕಿಯನ್ನು ಪ್ರತಿ ಭಾನುವಾರ ರಾತ್ರಿ ತುಂಬಿ, ಡಿಸೆಂಬರ್ 15ಕ್ಕೆ ಒಮ್ಮೆ ಕೂಡಿಸಿ ನೋಡಿ. ಆ ಹೊತ್ತಿಗೆ ವಾರದ ನಡುವೆ ದಿನಕ್ಕೆ ಒಂದೂ ಕೋಣೆ ತುಂಬಿಲ್ಲವಾದರೆ ಜನವರಿಯ ಐದು ರಾತ್ರಿಯ ದರವನ್ನು 1,100ರಿಂದ 950ಕ್ಕೆ ಇಳಿಸಿ, ಹಳೆಯ ಅತಿಥಿಗಳಿಗೆ ಅಂದೇ ತಿಳಿಸಿ.