ತರಗತಿಯಲ್ಲಿ ಸಹಕಾರಿ ಕಲಿಕೆಯನ್ನು ನಡೆಸುವ ಕ್ರಮ

ನಾಲ್ವರು ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಒಂದು ಪ್ರಶ್ನೆ ಕೊಟ್ಟರೆ, ಹಲವು ಬಾರಿ ಒಬ್ಬರು ಹೇಳುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಉಳಿದಿಬ್ಬರು ಸುಮ್ಮನೆ ನೋಡುತ್ತಿರುತ್ತಾರೆ. ಇದು ಗುಂಪುಕೆಲಸವೇ ಹೊರತು ಸಹಕಾರಿ ಕಲಿಕೆಯಲ್ಲ. ಈ ಕ್ಷೇತ್ರದಲ್ಲಿ ದೀರ್ಘಕಾಲ ದುಡಿದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ಸಹಕಾರಿ ಕಲಿಕೆಗೆ 5 ಅಂಶಗಳು ಬೇಕೆಂದು ಹೇಳುತ್ತಾರೆ: ಪರಸ್ಪರ ಅವಲಂಬನೆ, ವೈಯಕ್ತಿಕ ಹೊಣೆಗಾರಿಕೆ, ಒಬ್ಬರನ್ನೊಬ್ಬರು ಬೆಂಬಲಿಸುವ ಮುಖಾಮುಖಿ ಸಂವಾದ, ಸಾಮಾಜಿಕ ಕೌಶಲಗಳು ಮತ್ತು ಗುಂಪು ತನ್ನ ಕೆಲಸವನ್ನು ತಾನೇ ಪರಾಮರ್ಶಿಸುವುದು. ಇವುಗಳಲ್ಲಿ ಮೊದಲ ಎರಡನ್ನು ಶಿಕ್ಷಕರು ಪಾಠಯೋಜನೆಯ ಹಂತದಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಅವಿಲ್ಲದಿದ್ದರೆ ಉಳಿದವು ನಿಲ್ಲುವುದಿಲ್ಲ.

ಹೊಸದಾಗಿ ಆರಂಭಿಸುವವರು ಜೋಡಿಗಳಿಂದ ತೊಡಗುವುದು ಒಳಿತು. 1981ರಲ್ಲಿ ಫ್ರಾಂಕ್ ಲೈಮನ್ ಪರಿಚಯಿಸಿದ ವಿಧಾನದಲ್ಲಿ ವಿದ್ಯಾರ್ಥಿಗಳು ಮೊದಲು ಪ್ರಶ್ನೆಯ ಬಗ್ಗೆ ಒಬ್ಬೊಬ್ಬರೇ ಯೋಚಿಸುತ್ತಾರೆ, ಬಳಿಕ ಪಕ್ಕದವರೊಡನೆ ಚರ್ಚಿಸುತ್ತಾರೆ, ಕೊನೆಗೆ ತರಗತಿಯೆದುರು ಹಂಚಿಕೊಳ್ಳುತ್ತಾರೆ. ಅವಸರದಲ್ಲಿ ಮೊದಲ ಹಂತವನ್ನು ಬಿಟ್ಟುಬಿಡುವುದುಂಟು; ಆದರೆ ನಿಧಾನವಾಗಿ ಯೋಚಿಸುವ ಮಕ್ಕಳಿಗೆ ಮಾತನಾಡಲು ಏನಾದರೂ ದೊರಕುವುದು ಆ ಮೌನದಲ್ಲಿಯೇ. ಹಂಚಿಕೊಳ್ಳುವಾಗ ತಮ್ಮ ಉತ್ತರದ ಬದಲು ಜೊತೆಗಾರರು ಹೇಳಿದ್ದನ್ನು ವಿವರಿಸುವಂತೆ ಕೇಳಿದರೆ, ಪರಸ್ಪರ ಕಿವಿಗೊಡುವುದು ಅನಿವಾರ್ಯವಾಗುತ್ತದೆ.

ಪರಸ್ಪರ ಅವಲಂಬನೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಜಿಗ್‌ಸಾ ವಿಧಾನದಲ್ಲಿ. ಶಾಲೆಗಳಲ್ಲಿ ವರ್ಣಭೇದದ ಪ್ರತ್ಯೇಕತೆ ಕೊನೆಗೊಂಡು ಬೇರೆ ಬೇರೆ ಸಮುದಾಯಗಳ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಗೆ ಬಂದಾಗ ತಲೆದೋರಿದ ವೈರವನ್ನು ತಗ್ಗಿಸಲು, 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರೊನ್ಸನ್ ಮತ್ತು ಅವರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದನ್ನು ರೂಪಿಸಿದರು. ಉದಾಹರಣೆಗೆ, ರಕ್ತದ ಕುರಿತ ಪಾಠವನ್ನು ಕೆಂಪು ರಕ್ತಕಣ, ಬಿಳಿ ರಕ್ತಕಣ, ಕಿರುತಟ್ಟೆ ಮತ್ತು ಪ್ಲಾಸ್ಮಾ ಎಂದು 4 ಭಾಗ ಮಾಡಿ, ನಾಲ್ವರ ಪ್ರತಿ ಗುಂಪಿನಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಭಾಗವನ್ನು ಮಾತ್ರ ಕೊಡಬೇಕು. ಒಂದೇ ಭಾಗ ಪಡೆದವರೆಲ್ಲ ತಜ್ಞರ ಗುಂಪುಗಳಾಗಿ ಸೇರಿ ಅದನ್ನು ಚರ್ಚಿಸಿ, ತಮ್ಮ ಗುಂಪಿಗೆ ಹೇಗೆ ಕಲಿಸಬೇಕೆಂದು ಸಿದ್ಧರಾಗುತ್ತಾರೆ. ನಂತರ ಮೂಲ ಗುಂಪಿಗೆ ಮರಳಿ ಒಬ್ಬೊಬ್ಬರಾಗಿ ಕಲಿಸುತ್ತಾರೆ. ತರಗತಿಯ ಸಂಖ್ಯೆ ನಾಲ್ಕರಿಂದ ಸಮವಾಗಿ ಭಾಗವಾಗದಿದ್ದರೆ ಕೆಲವು ಗುಂಪುಗಳಲ್ಲಿ ಇಬ್ಬರಿಗೆ ಒಂದೇ ಭಾಗ ಕೊಡಬಹುದು.

ಇಲ್ಲಿ ಪಾಠದ ಆಯ್ಕೆಯೇ ನಿರ್ಣಾಯಕ. ಒಂದು ಭಾಗ ಇನ್ನೊಂದನ್ನು ಓದದೆಯೂ ಅರ್ಥವಾಗುವಂತಿರಬೇಕು. ಹಂತಹಂತವಾಗಿ ಬಿಡಿಸಬೇಕಾದ ಬೀಜಗಣಿತದ ಸಮೀಕರಣವನ್ನು ಹೀಗೆ ಹಂಚಿದರೆ ಗೊಂದಲವೇ ಹೆಚ್ಚು. ತಜ್ಞರ ಗುಂಪುಗಳು ಚರ್ಚಿಸುವಾಗ ಶಿಕ್ಷಕರು ಅವುಗಳ ನಡುವೆ ಓಡಾಡಲೇಬೇಕು, ಏಕೆಂದರೆ ಅಲ್ಲಿ ಉಳಿದುಹೋದ ಒಂದು ತಪ್ಪು ಗ್ರಹಿಕೆ ಎಲ್ಲ ಮೂಲ ಗುಂಪುಗಳಿಗೂ ಹರಡುತ್ತದೆ.

ಗುಂಪುಗಳನ್ನು ಶಿಕ್ಷಕರೇ ರಚಿಸುವುದು ಸೂಕ್ತ. ಗೆಳೆಯರಷ್ಟೇ ಸೇರಿಕೊಂಡರೆ ಯಾರಿಗೂ ಬೇಡವಾದ ಮಗುವೊಂದು ಕೊನೆಯಲ್ಲಿ ಒಂಟಿಯಾಗಿ ಉಳಿಯುತ್ತದೆ, ಆ ನೋವನ್ನು ತರಗತಿಯ ವ್ಯವಸ್ಥೆಯೇ ಉಂಟುಮಾಡಬಾರದು.

ಮೌಲ್ಯಮಾಪನದಲ್ಲಿ ಗುಂಪಿಗೆಲ್ಲ ಒಂದೇ ಅಂಕ ಕೊಡುವುದು ಅನ್ಯಾಯಕ್ಕೆ ದಾರಿಯಾಗುತ್ತದೆ: ದುಡಿದವರಿಗೆ ಅಸಮಾಧಾನ, ದುಡಿಯದವರಿಗೆ ರಕ್ಷಣೆ. ರಾಬರ್ಟ್ ಸ್ಲಾವಿನ್ ಅಭಿವೃದ್ಧಿಪಡಿಸಿದ ವಿಧಾನವೊಂದರಲ್ಲಿ ಇದಕ್ಕೆ ಉತ್ತಮ ಪರಿಹಾರವಿದೆ. ಗುಂಪಿನಲ್ಲಿ ಕಲಿತ ಬಳಿಕ ಪ್ರತಿಯೊಬ್ಬರೂ ಪರಸ್ಪರ ನೆರವಿಲ್ಲದೆ ಕಿರುಪರೀಕ್ಷೆ ಬರೆಯುತ್ತಾರೆ, ಪ್ರತಿಯೊಬ್ಬರೂ ತಮ್ಮದೇ ಹಿಂದಿನ ಸರಾಸರಿಗಿಂತ ಎಷ್ಟು ಮುಂದೆ ಬಂದಿದ್ದಾರೆ ಎಂಬುದರ ಮೇಲೆ ಗುಂಪಿಗೆ ಅಂಕ ಸೇರುತ್ತದೆ. ಆಗ ಹಿಂದುಳಿದ ವಿದ್ಯಾರ್ಥಿಯೂ ಗುಂಪಿಗೆ ಹೆಚ್ಚಿನ ಅಂಕ ತಂದುಕೊಡಬಲ್ಲನು, ಅವನಿಗೆ ಕಲಿಸುವುದರಲ್ಲಿ ಉಳಿದವರಿಗೂ ಆಸಕ್ತಿ ಹುಟ್ಟುತ್ತದೆ. ದಾಖಲೆಯ ಅಂಕ ಮಾತ್ರ ವೈಯಕ್ತಿಕವಾಗಿರಲಿ, ಗುಂಪಿನ ಅಂಕ ಮೆಚ್ಚುಗೆಗಷ್ಟೇ ಬಳಕೆಯಾಗಲಿ.

ಅವಧಿಯ ಕೊನೆಯ 5 ನಿಮಿಷಗಳನ್ನು ಪರಾಮರ್ಶೆಗೆ ಕಾಯ್ದಿರಿಸಬೇಕು. ಯಾವುದು ನೆರವಾಯಿತು, ಮುಂದಿನ ಬಾರಿ ಏನನ್ನು ಬದಲಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ಪ್ರತಿ ಗುಂಪೂ ಒಂದೊಂದು ವಾಕ್ಯದಲ್ಲಿ ಬರೆದುಕೊಟ್ಟರೆ, ಮುಂದಿನ ಗುಂಪುಗಳನ್ನು ರಚಿಸುವಾಗ ಶಿಕ್ಷಕರಿಗೆ ಆ ಚೀಟಿಗಳು ಉಪಯುಕ್ತವಾಗುತ್ತವೆ.